ವಾಹನದ ಸೈಲೆನ್ಸರೂ ಮನುಷ್ಯನ ಆರೋಗ್ಯವೂ

ಪುಣೆಯು ವಾಹನಗಳ ನಗರವೆಂದು ಹೆಸರಾಗಿ ಬಹುಕಾಲವಾಯಿತು. ಆಕುರ್ಡಿಯಲ್ಲಿ ಬಜಾಜ್ ಸ್ಕೂಟರುಗಳೂ ಪಿಂಪರಿಯಲ್ಲಿ ಟೆಲ್ಕೋ ಲಾರಿಗಳೂ ತಯಾರಾಗತೊಡಗಿದಂದಿನಿಂದ, ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರ್ಗಿಗಳ ಕಡೆಯ ಎಷ್ಟೋ ಕುಟುಂಬಗಳು ಇದೇ ಉದ್ಯಮದ ಆಸರೆಯಲ್ಲಿ ಇಲ್ಲಿ ನೆಲೆ ನಿಂತಿವೆ. ಕೋಥರೂಡಿನ ಬಳಿಯ ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ಭಾರತೀಯ ಮೋಟಾರು ವಾಹನ ಸಂಶೋಧನ ಸಂಸ್ಥೆಯೂ ಇದೆ. ಹೊಸ ಮಾದರಿಯ ಕಾರಾಗಲಿ ಬೈಕಾಗಲಿ ಮಾರುಕಟ್ಟೆಗೆ ಬರುವ ಮುನ್ನ ಇಂತಹ ಸಂಸ್ಥೆಯ ಪರೀಕ್ಷೆಗೆ ಒಳಪಡಬೇಕು. ಅದು ಕಾರುವ ಹೊಗೆ ಎಷ್ಟು, ಎಬ್ಬಿಸುವ ಸದ್ದು ಎಷ್ಟು ಎಂಬುದನ್ನು ಅಲ್ಲಿ ಅಳೆದು ನೋಡಿ ಪ್ರಮಾಣಪತ್ರ ಕೊಡುತ್ತಾರೆ.

ಗುಡ್ಡದ ಮೇಲೆ ಹೀಗೆ ತೂಗಿ ಅಳೆದು ಒಪ್ಪಿಗೆ ಪಡೆದ ವಾಹನವು ಗುಡ್ಡದ ಕೆಳಗಿನ ಬೀದಿಗಳಲ್ಲಿ ಕೆಲವೇ ತಿಂಗಳೊಳಗೆ ಬೇರೆಯದೇ ಕಂಠದಲ್ಲಿ ಗುಡುಗುವುದುಂಟು. ತರುಣನೊಬ್ಬ ಹೊಸ ಕಾರನ್ನು ಕೊಳ್ಳುತ್ತಾನೆ. ಅದರ ಸದ್ದು ಅವನಿಗೆ ತೀರ ಸಪ್ಪೆಯೆನಿಸುತ್ತದೆ. ಭಾನುವಾರ ಬೆಳಿಗ್ಗೆ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಜಾಕು ಕೊಟ್ಟು ಕಾರನ್ನು ಎತ್ತಿ, ಹಿಂಬದಿಯ ಡಬ್ಬಿಯನ್ನು ಗರಗಸದಿಂದ ಕೊಯ್ದೋ, ಅದಕ್ಕೆ ಡ್ರಿಲ್ಲಿನಿಂದ ತೂತು ಕೊರೆದೋ, ಒಳಗಿನ ತೂತುಗೊಳವೆಯನ್ನು ಎಳೆದುಹಾಕಿಯೋ ಅವನು ಸದ್ದನ್ನು 'ಬಿಡಿಸು'ತ್ತಾನೆ. ಬುಲೆಟ್ ಸವಾರರಿಗಂತೂ ಈ ಕಷ್ಟವೂ ಇಲ್ಲ. 'ಇಂದೋರಿ', 'ಪಂಜಾಬಿ' ಮೊದಲಾದ ಹೆಸರುಗಳ ಸಿದ್ಧ ಕೊಳವೆಗಳು ಅವರಿಗೆ ಚಿರಪರಿಚಿತ. ಓಡುತ್ತಿರುವಾಗಲೇ ಕೀಲಿಯನ್ನು ಆರಿಸಿ ಮತ್ತೆ ಹೊತ್ತಿಸಿದರೆ, ಉರಿಯದ ಪೆಟ್ರೋಲಿನ ಆವಿ ಬಿಸಿ ಕೊಳವೆಯೊಳಗೆ ಸೇರಿ ಅಲ್ಲಿ ಒಮ್ಮೆಲೇ ಸಿಡಿಯುತ್ತದೆ. ಮರಾಠಿ ಪತ್ರಿಕೆಗಳು ಇದಕ್ಕೆ 'ಫಟಾಕಾ ಸೈಲೆನ್ಸರ್' ಎಂದು ತಕ್ಕ ಹೆಸರನ್ನೇ ಇಟ್ಟಿವೆ.

ಇದನ್ನು ಕೇವಲ ಹುಡುಗಾಟವೆಂದು ಹಿರಿಯರು ಬೈದು ಸುಮ್ಮನಾಗುವುದೇ ಹೆಚ್ಚು. ಆದರೆ ವಿಷಯವು ಶಿಸ್ತಿಗೆ ಎಷ್ಟು ಸೇರಿದ್ದೋ ವೈದ್ಯಶಾಸ್ತ್ರಕ್ಕೂ ಅಷ್ಟೇ ಸೇರಿದ್ದು. ಆ ಡಬ್ಬಿಯೊಳಗೆ ನಡೆಯುವ ಕೆಲಸವೇನು, ಅದನ್ನು ಕೆಡಿಸಿದಾಗ ಮೊದಲು ಪೆಟ್ಟು ಬೀಳುವುದು ಯಾರಿಗೆ ಎಂಬುದನ್ನು ತಿಳಿದರೆ ಬೈಗುಳದ ಅಗತ್ಯವೂ ಬಹುಮಟ್ಟಿಗೆ ಇರಲಾರದು.

ಡಬ್ಬಿಯೊಳಗಿನ ವಿದ್ಯೆ

ಇಂಜಿನಿನ ಸಿಲಿಂಡರಿನೊಳಗೆ ಇಂಧನವು ಉರಿದ ಮೇಲೆ ಹೊರದಾರಿಯ ಕವಾಟ ತೆರೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಒಳಗಿನ ಅನಿಲದ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಬಿಗಿದು ಕಟ್ಟಿದ ಚೀಲವನ್ನು ಒಡೆದಂತೆ ಅದು ಢಂ ಎಂದು ಹೊರಬೀಳುತ್ತದೆ. ನಾಲ್ಕು ಸಿಲಿಂಡರುಗಳ ಕಾರಿನ ಇಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇಂತಹ ಸ್ಫೋಟಗಳು ಸೆಕೆಂಡಿಗೆ 100 ಆಗುತ್ತವೆ. ಬುಲೆಟ್ಟಿನಂತಹ ಒಂಟಿ ಸಿಲಿಂಡರಿನ ಬೈಕಿನಲ್ಲಿ ನಿಮಿಷಕ್ಕೆ 1200 ಸುತ್ತಿಗೆ ಸೆಕೆಂಡಿಗೆ ಹತ್ತೇ ಆಗುತ್ತವೆ. ಆದುದರಿಂದಲೇ ಕಾರಿನ ಸದ್ದು ಒಂದೇ ಎಳೆಯ ಗುಂಯ್‌ಗುಟ್ಟುವಿಕೆಯಾಗಿ ಕೇಳಿದರೆ ಬುಲೆಟ್ಟಿನದು ಬಿಡಿಬಿಡಿಯಾದ 'ಡುಗ್ ಡುಗ್' ಆಗಿ ಕೇಳುತ್ತದೆ.

ಈ ಸ್ಫೋಟಗಳ ಬಾಯಿ ಮುಚ್ಚಿಸಬೇಕು, ಆದರೆ ಅನಿಲದ ಹಾದಿಯನ್ನು ಮುಚ್ಚಬಾರದು. ಅಮೆರಿಕದ ಇಂಡಿಯಾನಾ ಪ್ರಾಂತದ ರೀವ್ಸ್ ಸಹೋದರರು 1897ರಲ್ಲಿಯೇ ಇಂತಹ ಸಾಧನವೊಂದಕ್ಕೆ ಹಕ್ಕುಪತ್ರ ಪಡೆದಿದ್ದರು. ಮೋಟಾರು ವಾಹನಗಳು ಇನ್ನೂ ಕೂಸುಗಳಾಗಿದ್ದಾಗಲೇ ಅವುಗಳ ಅಳುವನ್ನು ನಿಲ್ಲಿಸುವ ಉಪಾಯ ಬೇಕಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಪುಣೆಯ ಹಳೆಯ ಪೇಠೆಗಳಲ್ಲಿರುವ ವಾಡೆಗಳನ್ನು ಕಂಡವರಿಗೆ ಸೈಲೆನ್ಸರಿನ ರಚನೆಯನ್ನು ವಿವರಿಸುವುದು ಸುಲಭ. ಬೀದಿಯ ಗಲಾಟೆ ದಿಂಡಿ ಬಾಗಿಲಿನಿಂದ ಒಳಹೊಕ್ಕರೂ ಮೊದಲ ಚೌಕ, ಪಡಸಾಲೆ, ಎರಡನೆಯ ಚೌಕ, ಓಣಿಯಂತಹ ನಡೆ ಎಂದು ದಾಟಿ ಹಿತ್ತಿಲು ತಲಪುವ ಹೊತ್ತಿಗೆ ಪಿಸುಮಾತಾಗಿರುತ್ತದೆ. ಡಬ್ಬಿಯೊಳಗೂ ಹೀಗೆಯೇ ಎರಡು ಮೂರು ಕೋಣೆಗಳು, ಅವುಗಳ ನಡುವೆ ತಗಡಿನ ಗೋಡೆಗಳು, ಗೋಡೆಗಳನ್ನು ಹಾಯುವ ತೂತುಗೊಳವೆಗಳು ಇರುತ್ತವೆ. ಇಕ್ಕಟ್ಟಾದ ಕೊಳವೆಯಿಂದ ಅಗಲವಾದ ಕೋಣೆಗೆ ಬಂದೊಡನೆ ಅನಿಲ ಹಿಗ್ಗಿ ಅದರ ಹೊಡೆತ ಮೆತ್ತಗಾಗುತ್ತದೆ. ಗೋಡೆಗೆ ಬಡಿದು ಹಿಂದಿರುಗಿದ ಶಬ್ದದ ಅಲೆಯು ಮುಂದಿನಿಂದ ಬರುವ ಅಲೆಯನ್ನು ಎದುರುಗೊಳ್ಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಕೂಡಿದಲ್ಲಿ ಎರಡೂ ಅಳಿಯುತ್ತವೆ. ಕೆಲವು ಡಬ್ಬಿಗಳಲ್ಲಿ ಹೊರದಾರಿಯಿಲ್ಲದ ಕುರುಡು ಕೋಣೆಯೂ ಇರುತ್ತದೆ. ಸೀಸೆಯ ಬಾಯಿಗೆ ತುಟಿಯಿಟ್ಟು ಊದಿದಾಗ ಒಂದೇ ಸ್ವರ ಹೊರಡುವಂತೆ, ಆ ಕೋಣೆಯು ತನಗೆ ಒಗ್ಗಿದ ಒಂದು ಸ್ವರವನ್ನು ಮಾತ್ರ ಹಿಡಿದು ನುಂಗುತ್ತದೆ. ಇನ್ನು ಕೆಲವದರಲ್ಲಿ ಗಾಜಿನ ಉಣ್ಣೆಯನ್ನು ತುರುಕಿರುತ್ತಾರೆ. ಅದು ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತದೆ, ಮಂದ್ರದ ಗುಡುಗನ್ನು ಅಷ್ಟಾಗಿ ಹೀರದು.

ಕೋಣೆಯ ಉದ್ದ, ತೂತಿನ ಅಳತೆ, ಕೊಳವೆಯ ಬಾಗು ಇವೆಲ್ಲ ಆಯಾ ಇಂಜಿನಿನ ಲೆಕ್ಕಕ್ಕೆ ತಕ್ಕಂತೆ ಗೊತ್ತಾದವು. ತಂಬೂರಿಯ ಜೀವಾಳವನ್ನು ಕಿತ್ತರೆ ತಂತಿ ಉಳಿದರೂ ನಾದ ಉಳಿಯುವುದಿಲ್ಲ. ಒಂದು ತೂತು ಕೊರೆದ ಸೈಲೆನ್ಸರಿನ ಸ್ಥಿತಿಯೂ ಇದಕ್ಕಿಂತ ಹೆಚ್ಚು ಬೇರೆಯಲ್ಲ.

ಶಕ್ತಿ ಹೆಚ್ಚುವುದೆಂಬ ನಂಬಿಕೆ

"ಸೈಲೆನ್ಸರು ಇಂಜಿನಿನ ಉಸಿರು ಕಟ್ಟುತ್ತದೆ, ಅದನ್ನು ತೆಗೆದರೆ ಎಳೆತ ಹೆಚ್ಚುತ್ತದೆ" ಎಂಬ ಮಾತು ಗ್ಯಾರೇಜುಗಳಲ್ಲಿ ವೇದವಾಕ್ಯದಂತೆ ನಡೆದುಬಂದಿದೆ. ಇದರ ಹುಟ್ಟನ್ನು ಹುಡುಕುತ್ತ ಹೋದರೆ ಹಳಬರಿಗೆ ಪ್ರಿಯವಾದ ಎರಡು ಸಂಗತಿಗಳು ಎದುರಾಗುತ್ತವೆ. ಮೊದಲನೆಯದು ಪಂದ್ಯದ ಬೈಕುಗಳು. ಮದ್ರಾಸಿನ ಬಳಿಯ ಶೋಲಾವರಂ ಓಟದ ಪಂದ್ಯಗಳ ಕಾಲದಲ್ಲಿ ಕಿವಿಗಡಚಿಕ್ಕುವ ಸದ್ದೂ ವೇಗವೂ ಒಟ್ಟೊಟ್ಟಿಗೆ ಕಂಡವು. ಎರಡನೆಯದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳು. ಇವು ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಇಂಜಿನಿನವು. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯ ಮಸಿ ಸೈಲೆನ್ಸರಿನ ಒಳಗೊಳವೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ಹೊರಗೆಳೆದು ಮಸಿ ಸುಟ್ಟು ಕೆರೆದು ಮತ್ತೆ ಹಾಕಿದರೆ ಬೈಕು ಹೊಸದರಂತೆ ಚುರುಕಾಗುತ್ತಿತ್ತು. ಹಾಗೆ ಹೊರಗೆಳೆದುದನ್ನು ಮತ್ತೆ ಹಾಕದೆ ಬಿಟ್ಟವರೂ ಇದ್ದರು. ಚುರುಕು ಬಂದದ್ದು ಮಸಿ ಹೋದುದರಿಂದ. ಕೀರ್ತಿ ಬಂದದ್ದು ಬೋಳು ಕೊಳವೆಗೆ.

ವಾಸ್ತವವಾಗಿ ಎರಡು ಹೊಡೆತದ ಇಂಜಿನಿಗೆ ಹಿಂದಿರುಗಿ ಬರುವ ಒತ್ತಡದ ಅಲೆ ಬೇಕೇ ಬೇಕು. ಸಿಲಿಂಡರಿನಿಂದ ಜಾರಿಹೋಗುವ ಹೊಸ ಇಂಧನವನ್ನು ಅದೇ ಮರಳಿ ಒಳದೂಡುವುದು. ಪಂದ್ಯದ ಬೈಕಿನ ಹೊಟ್ಟೆಯುಬ್ಬಿದ ಕೊಳವೆ ಈ ಲೆಕ್ಕಕ್ಕಾಗಿಯೇ ಮಾಡಿದ್ದು, ಸದ್ದಿಗಾಗಿ ಅಲ್ಲ. ನಾಲ್ಕು ಹೊಡೆತದ ಇಂದಿನ ಕಾರುಗಳಲ್ಲಿ ಹಿಂಬದಿಯ ಡಬ್ಬಿಯಿಂದಾಗುವ ತಡೆ ಅಲ್ಪ. ಅದನ್ನು ತೆಗೆದಾಗ ಏನಾದರೂ ಲಾಭವಾದರೆ ಅದು ಇಂಜಿನು ಅತಿವೇಗವಾಗಿ ತಿರುಗುವಾಗ ಮಾತ್ರ. ಸಂಜೆಯ ಕರ್ವೆ ರಸ್ತೆಯಲ್ಲಿ ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಕಾರಿಗೆ ಆ ವೇಗದ ಯೋಗವೇ ಇಲ್ಲ. ಕೆಳವೇಗದಲ್ಲಿ ಎಳೆತ ಕುಗ್ಗುವುದೇ ಹೆಚ್ಚು. ಆದರೂ ಕಾರು ಚುರುಕಾಯಿತೆಂದು ಒಡೆಯನಿಗೆ ತೋರುತ್ತದೆ, ಏಕೆಂದರೆ ಸದ್ದು ಏರಿದಂತೆ ವೇಗವೂ ಏರಿತೆಂದು ಮನಸ್ಸು ಎಣಿಸುತ್ತದೆ.

"ಸದ್ದಿದ್ದರೆ ಎದುರಿನವರು ಎಚ್ಚರಗೊಳ್ಳುತ್ತಾರೆ" ಎಂಬ ವಾದವೂ ಉಂಟು. ಕೊಳವೆಯ ಬಾಯಿ ಇರುವುದು ಹಿಂದಕ್ಕೆ, ಅಪಾಯ ಬಹುಪಾಲು ಬರುವುದು ಮುಂದಿನಿಂದ. ಗಾಜೇರಿಸಿ ಹವಾನಿಯಂತ್ರಣದಲ್ಲಿ ಕುಳಿತ ಲಾರಿ ಚಾಲಕನಿಗೆ ಅದು ಕೇಳುವ ಹೊತ್ತಿಗೆ ಬೈಕು ಅವನನ್ನು ದಾಟಿರುತ್ತದೆ.

ಡೆಸಿಬೆಲ್ಲಿನ ಲೆಕ್ಕ

ಶಬ್ದವನ್ನು ಅಳೆಯುವ ಮಾನ ಡೆಸಿಬೆಲ್. ಇದು ಕಿಲೋ, ಮೀಟರುಗಳಂತೆ ಸಾಲಾಗಿ ಏರುವ ಮಾನವಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಹತ್ತು ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. ಇಪ್ಪತ್ತು ಏರಿದರೆ ನೂರು ಪಟ್ಟು. ಕಿವಿಗೆ ಮಾತ್ರ ಪ್ರತಿ ಹತ್ತು ಡೆಸಿಬೆಲ್ಲಿಗೆ ಸದ್ದು ಸುಮಾರು ಎರಡರಷ್ಟಾದಂತೆ ಕೇಳುತ್ತದೆ. ಹೀಗಾಗಿ ಕಿವಿ ತನಗಾಗುತ್ತಿರುವ ಪೆಟ್ಟನ್ನು ಸದಾ ಕಡಿಮೆಯೆಂದೇ ಎಣಿಸುತ್ತದೆ.

ಭಾರತದಲ್ಲಿ 2005ರಿಂದ ಜಾರಿಯಲ್ಲಿರುವ ಮಿತಿಯಂತೆ, ಹೊಸ ಮಾದರಿಯ ಸಾಮಾನ್ಯ ಕಾರು ಪರೀಕ್ಷೆಯಲ್ಲಿ 74 ಡೆಸಿಬೆಲ್ಲನ್ನು ಮೀರಬಾರದು. 175 ಸಿಸಿಗೆ ಮೇಲ್ಪಟ್ಟ ಬೈಕುಗಳಿಗೆ 80ರ ಮಿತಿ ಇದೆ. ಇದನ್ನು ವಾಹನದ ಪಕ್ಕಕ್ಕೆ ಏಳೂವರೆ ಮೀಟರು ದೂರದಲ್ಲಿ ಅಳೆಯುತ್ತಾರೆ. ಸೈಲೆನ್ಸರ್ ಕೆಡಿಸಿದ ಬೈಕೊಂದು ಅದೇ ದೂರದಲ್ಲಿ 100 ಡೆಸಿಬೆಲ್ ಮುಟ್ಟಿತೆಂದುಕೊಂಡರೆ, ನಿಯಮಕ್ಕೆ ಬದ್ಧವಾದ ನೂರು ಬೈಕುಗಳು ಒಂದೇ ಜಾಗದಲ್ಲಿ ಒಟ್ಟಿಗೆ ಹೊರಡಿಸುವಷ್ಟು ಶಬ್ದಶಕ್ತಿಯನ್ನು ಅದೊಂದೇ ಹೊರಡಿಸಿದಂತಾಯಿತು.

ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಆ ಬೈಕಿನ ಸದ್ದು 60 ಮೀಟರು ದೂರದ ಮನೆಗೆ ತಲಪುವಾಗಲೂ 82ರ ಆಸುಪಾಸಿನಲ್ಲಿರುತ್ತದೆ. ಎರಡೂ ಕಡೆ ಗೋಡೆಗಳು ಎದ್ದ ಪೇಠೆಯ ಓಣಿಗಳಲ್ಲಿ ಅಷ್ಟೂ ಇಳಿಯುವುದಿಲ್ಲ. ಮಂದ್ರದ ಅಲೆಗಳ ಉದ್ದ ಮೂರು ಮೀಟರಿಗೂ ಮಿಗಿಲಾದುದರಿಂದ ಕಿಟಕಿಯ ಗಾಜು, ಬಾಗಿಲ ಹಲಗೆಗಳು ಅವಕ್ಕೆ ದೊಡ್ಡ ತಡೆಯಲ್ಲ.

ಒಳಗಿವಿಯ ಹುಲ್ಲುಗಾವಲು

ಕಿವಿತಮಟೆಯ ಆಚೆ, ಮೂರು ಪುಟ್ಟ ಎಲುಬುಗಳ ಆಚೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಕೋಕ್ಲಿಯ ಎಂಬ ಅಂಗವಿದೆ. ಅದರೊಳಗಿನ ದ್ರವದಲ್ಲಿ ಶಬ್ದವು ಅಲೆಯಾಗಿ ಸಾಗುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ಗೇಯಾರ್ಗ್ ಫಾನ್ ಬೇಕೇಶಿಗೆ 1961ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆ ಸುರುಳಿಯ ಉದ್ದಕ್ಕೂ ರೋಮಕೋಶಗಳು ಸಾಲಾಗಿ ನಿಂತಿವೆ. ಒಂದೊಂದು ಕಿವಿಯಲ್ಲಿ ಸುಮಾರು 15,000. ಇವುಗಳ ತುದಿಯ ಕೂದಲುಗಳು ಅಲೆಗೆ ಬಾಗಿದಾಗ ಹುಟ್ಟುವ ಸಂಕೇತವೇ ಶ್ರವಣನರದ ಮೂಲಕ ಮಿದುಳಿಗೆ ಹೋಗಿ ಮಾತಾಗಿ, ಹಾಡಾಗಿ ಕೇಳಿಸುವುದು.

ಗಾಳಿಗೆ ಬಾಗಿದ ಹುಲ್ಲು ಮತ್ತೆ ನೆಟ್ಟಗಾಗುತ್ತದೆ. ಅದೇ ಹುಲ್ಲನ್ನು ದಿನವೂ ತುಳಿದರೆ ಕಾಲುದಾರಿ ಬೀಳುತ್ತದೆ. ರೋಮಕೋಶಗಳ ಪಾಡೂ ಇದೇ. ಆದರೆ ಹುಲ್ಲು ಮುಂದಿನ ಮಳೆಗೆ ಮತ್ತೆ ಚಿಗುರುವುದು; ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಇದುವರೆಗೆ ಔಷಧವೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ.

ಕಾರ್ಖಾನೆಗಳ ಕೆಲಸಗಾರರಿಗಾಗಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನ ಸಂಸ್ಥೆಯು ಒಂದು ಲೆಕ್ಕವನ್ನು ಹಾಕಿಕೊಟ್ಟಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ಲಿಗೆ ಆ ಅವಧಿ ಅರ್ಧರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100ಕ್ಕೆ ಬರೀ ಕಾಲು ಗಂಟೆ. ಇದನ್ನು ಊರಿನ ಹಾದಿಗೆ ಅನ್ವಯಿಸಿ ನೋಡಬಹುದು. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರು. ಖಂಬಾಟಕಿ ಘಟ್ಟ ಹತ್ತಿ, ಸಾತಾರೆ ಕೊಲ್ಹಾಪುರಗಳ ಪಕ್ಕದಿಂದ ಹಾಯ್ದು ಹೋಗುವುದಕ್ಕೆ ಆರು ಗಂಟೆಗಳಾದರೂ ಬೇಕು. ಡಬ್ಬಿ ಕೊಯ್ದ ಕಾರಿನೊಳಗೆ 88 ಡೆಸಿಬೆಲ್ ಸದ್ದಿದ್ದರೆ ಆ ದಿನದ ಪಾಲು ಕೊಲ್ಹಾಪುರದ ಹೊತ್ತಿಗೆ ತೀರಿರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಕಾರಿನ ಒಡಲೇ ಡೊಳ್ಳಾಗಿ ಅದೇ ಸ್ವರವನ್ನು ಅನುರಣಿಸುವುದರಿಂದ ತಲೆನೋವು, ಆಯಾಸ, ಸಿಡುಕು ಬೇರೆ. ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿಗೆ ತಾನು ಯಾವ ಸದ್ದಿನಲ್ಲಿದ್ದೇನೆಂದು ಹೇಳಲೂ ಬಾರದು.

ಹಾನಿಯ ಮೊದಲ ಸೂಚನೆಯೆಂದರೆ ವಾಹನದಿಂದ ಇಳಿದ ಮೇಲೂ ಕಿವಿಯಲ್ಲಿ ಉಳಿಯುವ ಗುಂಯ್ ಅಥವಾ ಸುಂಯ್ ಎಂಬ ಮೊರೆತ, ಮತ್ತು ಹತ್ತಿ ತುರುಕಿದಂತಹ ಮಂದತೆ. ಮರುದಿನಕ್ಕೆ ಅದು ಹೋಗುತ್ತದೆ, ಆದುದರಿಂದ ಯಾರೂ ಲಕ್ಷ್ಯ ಕೊಡುವುದಿಲ್ಲ. ವರ್ಷಗಳ ಮೇಲೆ ಅದು ಹೋಗದೆ ನಿಲ್ಲುತ್ತದೆ. ಗದ್ದಲದಿಂದ ಬರುವ ಕಿವುಡು ಮೊದಲು ಎತ್ತರದ ಸ್ವರಗಳನ್ನು, ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನವನ್ನು, ಕಸಿಯುತ್ತದೆ. ಸ್ವರಾಕ್ಷರಗಳು ಕೆಳದನಿಯವು, ಅವು ಉಳಿಯುತ್ತವೆ. ಸಕಾರ, ಚಕಾರ, ತಕಾರಗಳಂತಹ ಗಾಳಿಮಿಶ್ರ ವ್ಯಂಜನಗಳು ಮೇಲ್ದನಿಯವು, ಅವು ಹೋಗುತ್ತವೆ. ಹೀಗಾಗಿ ಎದುರಿನವರು ಮಾತನಾಡುವುದು ಕೇಳುತ್ತದೆ, ಆದರೆ ಹೇಳಿದ್ದು 'ಸಾಲು' ಎಂದೋ 'ಹಾಲು' ಎಂದೋ ತಿಳಿಯುವುದಿಲ್ಲ. ಮೂವತ್ತು ವಯಸ್ಸಿನವನು "ಏನು? ಏನು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ಮನೆಯವರು ಅದನ್ನು ಅಲಕ್ಷ್ಯವೆಂದು ತಿಳಿದು ಮುನಿಯುತ್ತಾರೆ.

ನಿದ್ದೆ, ನೆತ್ತರು, ಎದೆ

ಗದ್ದಲದ ಕೆಡುಕು ಕಿವಿಗೇ ಮುಗಿಯುವುದಿಲ್ಲ. ಮನುಷ್ಯ ನಿದ್ರಿಸುವಾಗ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ಕಾಡಿನಲ್ಲಿ ಬಾಳಿದ ಪೂರ್ವಜರಿಗೆ ರಾತ್ರಿಯ ಸದ್ದೆಂದರೆ ಅಪಾಯ. ಆ ಹಳೆಯ ಕಾವಲು ಇಂದೂ ದೇಹದಲ್ಲಿ ಉಳಿದಿದೆ. ಹಠಾತ್ತನೆ ಸದ್ದು ಬಡಿದಾಗ ನಿದ್ದೆಯಿಂದ ಏಳದವನ ದೇಹದಲ್ಲೂ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಸ್ರಾವಗಳು ಹೆಚ್ಚುತ್ತವೆ, ನಾಡಿ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. "ನಮಗೆ ರೂಢಿಯಾಗಿಬಿಟ್ಟಿದೆ" ಎಂದು ರಸ್ತೆಬದಿಯ ಮನೆಯವರು ಹೇಳುವುದು ಅರ್ಧಸತ್ಯ. ಮನಸ್ಸಿಗೆ ರೂಢಿಯಾಗುತ್ತದೆ, ಹೃದಯಕ್ಕೆ ಪೂರ್ತಿಯಾಗಿ ಆಗುವುದಿಲ್ಲ. ರಾತ್ರಿಗೆ ಹತ್ತು ಬಾರಿ ಹೀಗಾದರೆ, ಅದೂ ವರ್ಷಗಟ್ಟಲೆ ನಡೆದರೆ, ರಕ್ತದೊತ್ತಡ ಮತ್ತು ಹೃದ್ರೋಗಗಳ ಸಂಭವ ಹೆಚ್ಚುವುದೆಂದು ಸಂಶೋಧನೆಗಳು ಕಂಡುಕೊಂಡಿವೆ. ಪಶ್ಚಿಮ ಯುರೋಪಿನಲ್ಲಿ ವಾಹನ ಸಂಚಾರದ ಸದ್ದಿನಿಂದ ವರ್ಷಕ್ಕೆ ಕನಿಷ್ಠ ಹತ್ತು ಲಕ್ಷ ಆರೋಗ್ಯಪೂರ್ಣ ಜೀವವರ್ಷಗಳು ನಷ್ಟವಾಗುತ್ತಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಅಂದಾಜು ಮಾಡಿತು. ಅದೇ ಸಂಸ್ಥೆ 2018ರಲ್ಲಿ ಯುರೋಪಿಗೆ ನೀಡಿದ ಸಲಹೆಯ ಪ್ರಕಾರ ರಸ್ತೆಯ ಸದ್ದು ರಾತ್ರಿಯ ಸರಾಸರಿಯಲ್ಲಿ 45 ಡೆಸಿಬೆಲ್ ಒಳಗಿರಬೇಕು.

ಪ್ಯಾರಿಸ್ ನಗರದ ಶಬ್ದವನ್ನು ಅಳೆಯುವ ಬ್ರುಯಿಪಾರಿಫ್ ಎಂಬ ಸಂಸ್ಥೆಯ ಲೆಕ್ಕವೊಂದು ಪುಣೆಯವರಿಗೂ ಮನನೀಯ. ಸೈಲೆನ್ಸರ್ ಬದಲಾಯಿಸಿದ ಒಂದೇ ಒಂದು ಸ್ಕೂಟರು ರಾತ್ರಿಯಲ್ಲಿ ಆ ನಗರವನ್ನು ಅಡ್ಡಹಾಯ್ದರೆ 10,000 ಜನರ ನಿದ್ದೆ ಕೆಡಬಹುದಂತೆ. ಸದ್ದು ಮಾಡುವ ವಾಹನದ ಚಿತ್ರವನ್ನು ತಾನೇ ಹಿಡಿಯುವ ಯಂತ್ರಗಳ ಪ್ರಯೋಗವನ್ನು ಅಲ್ಲಿ 2022ರಲ್ಲಿ ಕೈಗೊಂಡರು. ಅರ್ಧರಾತ್ರಿಯ ಪೌಡ್ ರಸ್ತೆಯಲ್ಲೋ ಸಿಂಹಗಡ ರಸ್ತೆಯಲ್ಲೋ ಒಂದು 'ಫಟಾಕಾ' ಹಾಯ್ದಾಗ ಎಷ್ಟು ಕಿಟಕಿಗಳ ಹಿಂದೆ ದೀಪ ಹತ್ತುತ್ತದೆಂಬುದನ್ನು ಎಣಿಸಿದವರಿಲ್ಲ. ಆ ಕಿಟಕಿಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಮಲಗಿದವರು, ಎದೆಯ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರು, ಎರಡು ಗಂಟೆ ತೂಗಿ ಮಗುವನ್ನು ಆಗಷ್ಟೇ ಮಲಗಿಸಿದ ಬಾಣಂತಿಯರು ಇರುತ್ತಾರೆಂಬುದಕ್ಕೆ ಎಣಿಕೆ ಬೇಕಿಲ್ಲ.

ಮಕ್ಕಳ ಓದಿನ ಮಾತು ಬಂದಾಗ ನ್ಯೂಯಾರ್ಕಿನ ಒಂದು ಹಳೆಯ ಅಧ್ಯಯನವನ್ನು ಇಂದಿಗೂ ನೆನೆಯುತ್ತಾರೆ. ಅಲ್ಲಿನ ಶಾಲೆಯೊಂದರ ಒಂದು ಪಕ್ಕದಲ್ಲಿ ಎತ್ತರದ ರೈಲುಹಾದಿ ಇತ್ತು. ಆ ಪಕ್ಕದ ತರಗತಿಯ ಮಕ್ಕಳು ಓದುವಿಕೆಯಲ್ಲಿ ನಿಶ್ಶಬ್ದ ಪಕ್ಕದ ಮಕ್ಕಳಿಗಿಂತ ಹಿಂದುಳಿದಿರುವುದನ್ನು ಅರ್ಲೀನ್ ಬ್ರಾನ್ಜ್‌ಫ್ಟ್ ಎಂಬ ವಿದುಷಿ 1975ರಲ್ಲಿ ತೋರಿಸಿಕೊಟ್ಟರು. ಹಳಿಗಳ ಸದ್ದನ್ನು ತಗ್ಗಿಸಿ, ತರಗತಿಗಳಿಗೆ ಸದ್ದು ಹೀರುವ ಒಳಮಾಡು ಹಾಕಿಸಿದ ಮೇಲೆ ಆ ಅಂತರ ಮಾಯವಾಯಿತು. ಬಾರ್ಸಿಲೋನಾದ 38 ಶಾಲೆಗಳ 2,680 ಮಕ್ಕಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು ರಸ್ತೆಯ ಸದ್ದಿನಿಂದಲೇ ಮಕ್ಕಳ ನೆನಪು ಮತ್ತು ಅವಧಾನಗಳ ಬೆಳವಣಿಗೆ ನಿಧಾನವಾಗುವುದೆಂದು ಹೇಳಿದೆ. ಸರಾಸರಿ ಸದ್ದಿಗಿಂತಲೂ ನಡುನಡುವೆ ಏಳುವ ಸದ್ದಿನ ಏರಿಳಿತಗಳೇ ತರಗತಿಯಲ್ಲಿ ಹೆಚ್ಚು ಕೆಡುಕೆಂದು ಅದರಲ್ಲಿ ಕಂಡುಬಂದುದು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು.

ಕಾಣದ ವಿಷ

ಮನೆಯಂಗಳದ ಈ ಕೆಲಸದಲ್ಲಿ ಸದ್ದಿಗಿಂತ ಘೋರವಾದ ಅಪಾಯವೊಂದು ಸದ್ದಿಲ್ಲದೆ ಇದೆ. ಅದು ಇಂಗಾಲದ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಅಪ್ಪಿಕೊಂಡ ಮೇಲೆ ಸುಲಭವಾಗಿ ಬಿಡುವುದಿಲ್ಲ. ಶುದ್ಧ ಗಾಳಿಗೆ ಬಂದರೂ ಅದರ ಅರ್ಧಪಾಲು ಹೊರಹೋಗಲು ನಾಲ್ಕೈದು ಗಂಟೆಗಳು ಬೇಕು. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಘಟ್ಟದ ತಿರುವುಗಳ ತಲೆಸುತ್ತೆಂದೋ ಪ್ರಯಾಣದ ದಣಿವೆಂದೋ ಇವನ್ನು ತಪ್ಪಾಗಿ ತಿಳಿಯುವುದು ಬಹು ಸುಲಭ.

ಕಾರ್ಖಾನೆಯವರು ಕೊಳವೆಯ ತುದಿಯನ್ನು ಕಾರಿನ ಹಿಂಬದಿಯ ಅಂಚಿನವರೆಗೂ ಒಯ್ದಿರುವುದು ಅಂದಕ್ಕಾಗಿ ಅಲ್ಲ. ಹೊಗೆ ಒಡಲಿನ ಕೆಳಗೆ ನಿಲ್ಲದಿರಲೆಂದು. ನಡುವೆ ತೂತು ಕೊರೆದರೆ, ಅಥವಾ ಡಬ್ಬಿಯನ್ನು ಕೊಯ್ದು ಕೊಳವೆಯನ್ನು ನಡುಗಾರಿನ ಕೆಳಗೇ ನಿಲ್ಲಿಸಿದರೆ, ಆ ಹೊಗೆ ನೆಲಹಾಸಿನ ಸಂದುಗಳಿಂದ, ಹಳೆಯ ರಬ್ಬರು ಬಿರಡೆಗಳ ಪಕ್ಕದಿಂದ ಒಳನುಸುಳುತ್ತದೆ. ಕಿಟಕಿ ಏರಿಸಿ ಎ.ಸಿ. ಹಾಕಿ ಕುಳಿತವರಿಗೆ ಅದು ತಿಳಿಯುವುದಿಲ್ಲ. ವೇಗವರ್ಧಕ ಪರಿವರ್ತಕ, ಅಂದರೆ ಕೆಟಲಿಟಿಕ್ ಕನ್ವರ್ಟರನ್ನೂ ಕಿತ್ತವರ ಕಾರಿನಲ್ಲಿ ಈ ವಿಷ ಇನ್ನೂ ಹೆಚ್ಚು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂತಹ ಆ ಸಾಧನ ಮಾನಾಕ್ಸೈಡನ್ನು ಸುಟ್ಟು ಅಷ್ಟಾಗಿ ವಿಷವಲ್ಲದ ಅನಿಲವನ್ನಾಗಿ ಮಾಡುತ್ತದೆ. ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾದದ್ದು 1995ರ ಏಪ್ರಿಲಿನಿಂದ. 2020ರಿಂದ ಜಾರಿಯಾದ ಭಾರತ್ ಆರನೆಯ ಹಂತದ ವಾಹನಗಳಲ್ಲಿ ಅದರ ಪಕ್ಕದ ಆಮ್ಲಜನಕ ಸಂವೇದಕವು ಇಂಧನದ ಲೆಕ್ಕವನ್ನೂ ನೋಡಿಕೊಳ್ಳುತ್ತದೆ. ಅದನ್ನು ಕೆಡಿಸಿದರೆ ಇಂಜಿನಿನ ಲೆಕ್ಕವೇ ತಪ್ಪುತ್ತದೆ.

ಕೆಲಸ ಮಾಡುವಾಗಿನ ಅಪಘಾತಗಳೂ ಕಡಿಮೆಯಲ್ಲ. ಗಾಲಿ ಬದಲಿಸುವ ಜಾಕು ಕಾರನ್ನು ಎತ್ತಲು ಇರುವುದು, ಹೊತ್ತು ನಿಲ್ಲಲು ಅಲ್ಲ. ಅದು ಜಾರಿದರೆ ಕೆಳಗೆ ಮಲಗಿದವನ ಎದೆಯ ಮೇಲೆ ಕಾರು ಕೂರುತ್ತದೆ. ಅನೇಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂಬದಿಯ ಡಬ್ಬಿಯ ನೆರೆಯಲ್ಲಿಯೇ ಇರುತ್ತದೆ, ಅಲ್ಲಿ ಬೆಸುಗೆಯ ಕಿಡಿ ಹಾರಿದರೆ ಏನಾದೀತೆಂದು ಹೇಳಬೇಕಿಲ್ಲ. ಸತುವಿನ ಲೇಪವಿರುವ ನೀರಿನ ಕೊಳವೆಯನ್ನೇ ತಂದು ಬೆಸೆಯುವವರು ಸಂಜೆಗೆ ಚಳಿಜ್ವರದಿಂದ ನಡುಗುವುದುಂಟು. ಇದು ಸತುವಿನ ಹೊಗೆಯಿಂದ ಬರುವ ಜ್ವರವೆಂದು ವೈದ್ಯರಿಗೆ ಗೊತ್ತು. ರೋಗಿ ಬೆಳಿಗ್ಗೆ ಏನು ಮಾಡುತ್ತಿದ್ದನೆಂಬುದು ಮಾತ್ರ ಗೊತ್ತಿರುವುದಿಲ್ಲ.

ಕಾನೂನು ಹೇಳುವುದು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೆಯ ನಿಯಮದಂತೆ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. ಸದ್ದಿನ ಮಿತಿಯನ್ನು ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ, 2019ರ ತಿದ್ದುಪಡಿಯ ನಂತರ, 1988ರ ಕಾಯಿದೆಯ 190ನೆಯ ಕಲಮಿನಂತೆ ಮೊದಲ ಅಪರಾಧಕ್ಕೇ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಲೈಸೆನ್ಸು ಮೂರು ತಿಂಗಳು ಅನರ್ಹವಾಗುತ್ತದೆ. ನೋಂದಣಿಯ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಿದ ಒಡೆಯನಿಗೆ ಬೇರೆಯೇ ಶಿಕ್ಷೆಯುಂಟು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರು ನಿಶ್ಶಬ್ದ ವಲಯ. ಗದ್ದಲವಿಲ್ಲದೆ ಬಾಳುವುದು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಎತ್ತಿಹಿಡಿದಿದೆ.

ಈಚಿನ ವರ್ಷಗಳಲ್ಲಿ ಪುಣೆಯಲ್ಲಿಯೂ ಕರ್ನಾಟಕದ ಹಲವು ಊರುಗಳಲ್ಲಿಯೂ ಪೊಲೀಸರು ಕಿತ್ತು ತಂದ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ ರೋಡ್ ರೋಲರು ಹಾಯಿಸಿದ್ದಾರೆ. ನೋಡಲು ಚೆಂದದ ದೃಶ್ಯವೇ ಸರಿ. ಆದರೆ ವರ್ಷವರ್ಷವೂ ಅದನ್ನು ಹಾಸಬೇಕಾಗಿ ಬಂದಿದೆಯೆಂದರೆ ಕೊಳ್ಳುವವರು ತಗ್ಗಿಲ್ಲವೆಂದೇ ಅರ್ಥ. ಪ್ರತಿ ವಾಹನವೂ ಪಡೆಯುವ ಪಿ.ಯು.ಸಿ. ಪರೀಕ್ಷೆ ಹೊಗೆಯನ್ನು ನೋಡುತ್ತದೆಯೇ ಹೊರತು ಸದ್ದನ್ನು ಅಳೆಯುವುದಿಲ್ಲ. ಈ ಕೊರತೆ ತುಂಬುವವರೆಗೆ ರೋಲರಿಗೆ ಬಿಡುವು ದೊರೆಯುವುದು ಕಷ್ಟ.

ಸೈಲೆನ್ಸರು ತುಕ್ಕು ಹಿಡಿದು ತಾನಾಗಿಯೇ ತೂತಾದರೂ ಫಲ ಒಂದೇ. ಸದ್ದು ದಿನದಿಂದ ದಿನಕ್ಕೆ ದಪ್ಪವಾಗುವುದು, ಕಾರಿನೊಳಗೆ ಸುಟ್ಟ ವಾಸನೆ, ಕೆಳಗೆ ತಗಡಿನ ಕಟಕಟ ಇವು ಅದರ ಗುರುತುಗಳು. ಸಣ್ಣ ಓಟಗಳಿಗಷ್ಟೇ ಬಳಸುವ ಕಾರಿನಲ್ಲಿ ಡಬ್ಬಿ ಬೇಗ ತುಕ್ಕು ಹಿಡಿಯುತ್ತದೆ, ಏಕೆಂದರೆ ಹೊಗೆಯ ನೀರಾವಿ ಆರುವಷ್ಟು ಅದು ಬಿಸಿಯಾಗುವುದೇ ಇಲ್ಲ. ಬದಲಿಸುವಾಗ ಆ ಮಾದರಿಗೆ ಗೊತ್ತಾದ ಡಬ್ಬಿಯನ್ನೇ ಹಾಕಿಸತಕ್ಕದ್ದು.

ಕಿವಿಯಲ್ಲಿ ಮೊರೆತ ಒಂದೆರಡು ದಿನಗಳಿಗಿಂತ ಹೆಚ್ಚು ನಿಂತರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಬೇಕು. ಶ್ರವಣ ಪರೀಕ್ಷೆ ಅರ್ಧ ಗಂಟೆಯ ಕೆಲಸ, ನೋವಿಲ್ಲ. ಪುಣೆಯ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇದರ ಏರ್ಪಾಡಿದೆ. ಊರಿಗೆ ಹೋದಾಗ ಮಾಡಿಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಪರೀಕ್ಷೆಗೆ ಮುನ್ನ ಸುಮಾರು 14 ಗಂಟೆಗಳಷ್ಟಾದರೂ ಗದ್ದಲದಿಂದ ದೂರವಿರಬೇಕು. ಇಲ್ಲವಾದರೆ ತಾತ್ಕಾಲಿಕ ಮಂದತೆಯೂ ಶಾಶ್ವತ ಕಿವುಡೂ ಪಟ್ಟಿಯಲ್ಲಿ ಬೆರೆತುಹೋಗುತ್ತವೆ. ಆದುದರಿಂದ ಆ ದಿನ ಆಸ್ಪತ್ರೆಗೆ ತನ್ನ ಬುಲೆಟ್ಟಿನ ಮೇಲೆ ಹೋಗದೆ ರಿಕ್ಷಾ ಹಿಡಿಯುವುದು ಮೇಲು.